ಯಾವ ತಂತಿ ಯಾವ ಕಿಂಡಿಗೆ?

ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಪೆಟ್ಟಿಗೆಗಳನ್ನು ತೆರೆದು ನೋಡುವ ಕೆಲಸ ಒಬ್ಬರಲ್ಲ ಒಬ್ಬರ ಪಾಲಿಗೆ ಬಂದೇ ಬರುತ್ತದೆ. ನನ್ನ ಪಾಲಿಗೆ ಅದು ಕಳೆದ ಮಾಘ ಮಾಸದಲ್ಲಿ ಬಂದಿತು. ಚನ್ನಪಟ್ಟಣದಲ್ಲಿರುವ ನಮ್ಮ ಅತ್ತಿಗೆ ಮಾಗಡಿಗೆ ದೂರವಾಣಿ ಮಾಡಿ, “ನಿಮ್ಮಣ್ಣನ ಕಬ್ಬಿಣದ ಟ್ರಂಕು ಅಟ್ಟದ ಮೇಲೆ ಹಾಗೇ ಇದೆ. ಗುಜರಿಯವನು ಸೋಮವಾರ ಬರುತ್ತೇನೆ ಅಂದಿದ್ದಾನೆ. ಅದರಲ್ಲಿ ನಿಮಗೆ ಬೇಕಾದ ಪುಸ್ತಕ ಗಿಸ್ತಕ ಇದ್ದರೆ ಬಂದು ತೆಗೆದುಕೊಂಡು ಹೋಗಿ” ಎಂದರು. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಪುಸ್ತಕವೆಂದರೆ ಆಸೆ. ಶುಕ್ರವಾರವೇ ಹೊರಟೆ.

ಟ್ರಂಕಿನಲ್ಲಿ ಪುಸ್ತಕವಿರಲಿಲ್ಲ. ಒಂದು ಚೌಕುಳಿ ಕಾಗದದ ನೋಟುಬುಕ್ಕು ಮಾತ್ರ ಇತ್ತು. ಉಳಿದದ್ದೆಲ್ಲ ಯಂತ್ರ ಮತ್ತು ತಂತಿ. ಮೇಲುಗಡೆ, ಹಳೆಯ ಬೆರಳಚ್ಚು ಯಂತ್ರದಂತೆ ಕಾಣುವ, ಹಳದಿಗೆ ತಿರುಗಿದ ಒಂದು ಕೀಲಿಮಣೆ. ಅದರ ನೆತ್ತಿಯಲ್ಲಿ ಕುಂಕುಮಗೆಂಪಿನ ಹತ್ತು ಗುಂಡಿಗಳು. ಅದರ ಕೆಳಗೆ ಒಂದು ಟೇಪ್ ರೆಕಾರ್ಡರು, ಒಂದು ಮುದ್ರಣ ಯಂತ್ರ, ಬಾಯಿ ಅಡ್ಡಲಾಗಿ ಸೀಳಿದಂತಿದ್ದ ಒಂದು ತಗಡಿನ ಪೆಟ್ಟಿಗೆ, ನಾಲ್ಕು ಕ್ಯಾಸೆಟ್ಟುಗಳು, ರಿಬ್ಬನ್ನಿನಂತೆ ಚಪ್ಪಟೆಯಾದ ಎರಡು ತಂತಿಗಳು, ದುಂಡನೆಯ ಮೂತಿಯ ಮೂರು ತಂತಿಗಳು; ಎಲ್ಲಕ್ಕೂ ಕೆಳಗೆ, ಹೆಸರಿಲ್ಲ ಗುರುತಿಲ್ಲ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ತಗಡಿನ ಡಬ್ಬಿ. ಅದರ ಒಂದು ಕಡೆಯಿಂದ ನಾಲ್ಕಾರು ಗಜದ ತಂತಿ ಹೊರಟು ಮೆಣಸಿನ ಕಾಳಿನಷ್ಟು ಚಿಕ್ಕ ಮಣಿಯಲ್ಲಿ ಮುಗಿದಿತ್ತು.

“ಇದೇ ನೋಡಿ ಆ ಪಿಶಾಚಿ” ಎಂದರು ಅತ್ತಿಗೆ. ಅವರ ಮಾತಿನಲ್ಲಿ ಹಳೆಯದೊಂದು ನೋವಿತ್ತು. ೧೯೯೩ರಲ್ಲಿ, ಅಣ್ಣ ಗಣಿತದ ಮೇಷ್ಟರಾಗಿದ್ದ ಬೆಂಗಳೂರಿನ ಶಾಲೆಯೊಂದು ಹಳತಾದ ಈ ಸಾಮಾನನ್ನು ಹರಾಜು ಹಾಕಿದಾಗ, ಅತ್ತಿಗೆ ಹೊಲಿಗೆಯ ಯಂತ್ರಕ್ಕೆಂದು ಕೂಡಿಟ್ಟ ಹಣವನ್ನು ಅವನು ಇದಕ್ಕೆ ಸುರಿದು ಬಂದಿದ್ದನಂತೆ. ಹೊಲಿಗೆ ಯಂತ್ರ ಆಮೇಲೆ ಎರಡು ವರ್ಷಕ್ಕೆ ಬಂದಿತು. ಆದರೆ ಆ ಎರಡು ವರ್ಷವನ್ನು ಅತ್ತಿಗೆ ಮರೆತಿರಲಿಲ್ಲ. “ನಲವತ್ತು ವರ್ಷ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಂದು ದುಡಿದವರು, ಒಂದು ಸಲ ಆಟದ ಸಾಮಾನು ತಂದುಕೊಂಡರು ಅಂತ ಸುಮ್ಮನಾದೆ. ಈ ಊರಿನಲ್ಲಿ ಆಟದ ಸಾಮಾನಿಗೇನು ಬರವೆ?” ಎಂದು ನಕ್ಕರು. ಆ ನಗು ಪೂರ್ತಿ ನಗುವಾಗಿರಲಿಲ್ಲ.

ನಾನು ಗುಜರಿಯವನಿಗೆ ಒಪ್ಪಿಸಿಬಿಡಿ ಎನ್ನುವವನಿದ್ದೆ. ತಡೆದದ್ದು ಆ ನೋಟುಬುಕ್ಕು. ಅದರ ಪುಟಗಳಲ್ಲಿ ಅಣ್ಣ ಎಂಟು ಮನೆ ಉದ್ದ ಎಂಟು ಮನೆ ಅಗಲದ ಚೌಕಗಳನ್ನು ಗುರುತಿಸಿ, ಕೆಲವು ಮನೆಗಳಿಗೆ ಪೆನ್ಸಿಲಿನಿಂದ ಮಸಿ ತುಂಬಿ ಅಕ್ಷರಗಳನ್ನು ಮೂಡಿಸಿದ್ದ. ಕನ್ನಡದ ಅಕ್ಷರಗಳು! ಪಕ್ಕದಲ್ಲಿ ಪ್ರತಿ ಸಾಲಿಗೂ ಒಂದೊಂದು ಅಂಕಿ. ವರ್ಣಮಾಲೆಯನ್ನು ಸಿದ್ಧಪಡಿಸಿದ್ದಾನೆಂದು ಭಾವಿಸಿ ಅ, ಆ, ಇ, ಈ ಎಂದು ಹುಡುಕುತ್ತ ಹೋದರೆ ಕ್ರಮವೇ ಇಲ್ಲ. ಅ ಇತ್ತು, ಆ ಇರಲಿಲ್ಲ. ಕೆಂ ಇತ್ತು, ಬರಿಯ ಕ ಇರಲಿಲ್ಲ. ವ್ವ, ಗೋ, ಣಿ, ನೆ, ಸು, ಡ, ಡು, ಇ — ಎಲ್ಲ ಸೇರಿ ಹತ್ತೇ ಹತ್ತು. ಕನ್ನಡ ಬರೆಯಹೊರಟವನು ಕ, ತ, ರಗಳನ್ನು ಬಿಟ್ಟು ಣಿ ಎಂಬ ಅಪರೂಪದ ಅಕ್ಷರವನ್ನು ಏಕೆ ಮಾಡಿದ? ಹಳೆಯ ಓಲೆಯಲ್ಲಿ ತ್ರುಟಿತ ಪಾಠವನ್ನು ಕಂಡವನಿಗೆ ಹೇಗೆ ನಿದ್ದೆ ಬರುವುದಿಲ್ಲವೋ ಹಾಗಾಯಿತು ನನಗೆ. ಕ್ಯಾಸೆಟ್ಟುಗಳಲ್ಲಿ ಮೂರರ ಮೇಲೆ ಏನೂ ಬರೆದಿರಲಿಲ್ಲ. ನಾಲ್ಕನೆಯದರ ಮೇಲೆ ಅಣ್ಣನ ಕೈಬರಹದಲ್ಲಿ “ಹುಳುಮನೆ — ೧೯೯೪” ಎಂದಿತ್ತು. ಯಂತ್ರವನ್ನು ಮಾತನಾಡಿಸದೆ ಈ ಒಗಟು ಬಿಡುವಂತಿರಲಿಲ್ಲ. ಸೋಮವಾರಕ್ಕೆ ಎರಡು ದಿನವಿತ್ತು. ಬೆಂಗಳೂರಿನಲ್ಲಿ ಕೆಲಸ ಮಾಡುವ ಅಣ್ಣನ ಮಗನಿಗೆ ಬರಹೇಳಿದೆ.

ಅವನು ಬಂದವನೇ ಹೇಳಿದ ಮೊದಲ ಮಾತು: “ಚಿಕ್ಕಪ್ಪ, ದಯವಿಟ್ಟು ಕರೆಂಟಿಗೆ ಹಾಕಬೇಡಿ. ಮೊದಲು ಎಲ್ಲವನ್ನೂ ಗುರುತಿಸೋಣ.” ಹಳೆಯ ಯಂತ್ರಗಳ ಸಹವಾಸ ಮಾಡಬೇಕೆನ್ನುವ ಯಾರಿಗಾದರೂ ನಾನು ಇದನ್ನೇ ಪ್ರಥಮ ಸೂತ್ರವಾಗಿ ಹೇಳುವೆನು. ಪದಚ್ಛೇದ ಮಾಡದೆ ಅರ್ಥಕ್ಕೆ ಕೈಹಾಕಬಾರದು.

ಯಂತ್ರದ ಹೆಸರು ಅದರ ಮೈಮೇಲೆಯೇ ಇತ್ತು: ಬಿಬಿಸಿ ಮೈಕ್ರೋಕಂಪ್ಯೂಟರು. ಇಂಗ್ಲೆಂಡಿನ ಬಿಬಿಸಿ ಸಂಸ್ಥೆ ಜನಸಾಮಾನ್ಯರಿಗೆ ಗಣಕಯಂತ್ರದ ಪರಿಚಯ ಮಾಡಿಸಬೇಕೆಂದು ೧೯೮೨ರ ಜನವರಿಯಲ್ಲಿ ಒಂದು ದೂರದರ್ಶನ ಪಾಠಮಾಲೆಯನ್ನು ಆರಂಭಿಸಿತು. ಅದರ ಜೊತೆಗೆ ಮನೆಮನೆಯಲ್ಲಿ ಇಟ್ಟುಕೊಳ್ಳಬಹುದಾದ ಯಂತ್ರವೊಂದು ಬೇಕಾಗಿ, ಕೇಂಬ್ರಿಡ್ಜಿನ ಏಕಾರ್ನ್ ಎಂಬ ಚಿಕ್ಕ ಕಂಪನಿ ಅದನ್ನು ಮಾಡಿಕೊಟ್ಟಿತು. ೧೯೮೧ರ ಡಿಸೆಂಬರಿನಲ್ಲಿ ಹೊರಬಂದ ಈ ಯಂತ್ರದ ಜ್ಞಾಪಕಶಕ್ತಿ, ಅಣ್ಣನ ಬಳಿಯಿದ್ದ ಮಾದರಿಯಲ್ಲಿ, ೩೨ ಕಿಲೋಬೈಟು. ಈ ಲೇಖನದಂತಹ ಒಂದನ್ನು ತುಂಬಿದರೆ ಅದರ ಹೊಟ್ಟೆ ಬಿರಿಯುವುದು. ಆದರೂ ಅದನ್ನು ಹಗುರಾಗಿ ಕಾಣಲಾಗದು. ಇದರ ರಚನೆಯಲ್ಲಿ ದುಡಿದ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಎಂಬ ಇಬ್ಬರೇ ಮುಂದೆ ೧೯೮೫ರಲ್ಲಿ ಏಆರ್‌ಎಂ ಎಂಬ ಸಂಸ್ಕಾರಕವನ್ನು ರೂಪಿಸಿದರು. ಇಂದು ನಮ್ಮೆಲ್ಲರ ಜೇಬಿನ ಮೊಬೈಲುಗಳಲ್ಲಿರುವುದು ಅದರ ಸಂತತಿಯೇ. ಹುಡುಗ ತನ್ನ ಮೊಬೈಲನ್ನು ಯಂತ್ರದ ಪಕ್ಕದಲ್ಲಿಟ್ಟು, “ಇದು ಅಜ್ಜಿ, ಇದು ಮೊಮ್ಮಗಳು” ಎಂದ.

ಈ ಅಜ್ಜಿ ನಮ್ಮ ದೇಶಕ್ಕೆ ಬಂದದ್ದು ಶಾಲೆಗಳ ಮೂಲಕ. ೧೯೮೪–೮೫ರಲ್ಲಿ ಭಾರತ ಸರ್ಕಾರದ ಶಿಕ್ಷಣ ಸಚಿವಾಲಯವೂ ಎಲೆಕ್ಟ್ರಾನಿಕ್ಸ್ ಇಲಾಖೆಯೂ ಸೇರಿ ‘ಕ್ಲಾಸ್’ ಎಂಬ ಸಂಕ್ಷಿಪ್ತನಾಮದ ಯೋಜನೆಯೊಂದನ್ನು ಹೂಡಿ, ಮೊದಲಿಗೆ ಸುಮಾರು ೨೫೦ ಶಾಲೆಗಳಿಗೆ ಈ ಯಂತ್ರಗಳನ್ನು ಕೊಟ್ಟು, ಉಪಾಧ್ಯಾಯರಿಗೆ ತರಬೇತಿಯನ್ನೂ ಕೊಡಿಸಿದವು. ಅಣ್ಣನ ಶಾಲೆಗೂ ಬಂದಿತು; ತರಬೇತಿಗೆ ಅಣ್ಣನೇ ಹೋಗಿದ್ದ. ಆಗ ಅವನು ಊರಿಗೆ ಬಂದಾಗಲೆಲ್ಲ ಅದರ ಮಾತೇ ಆಡುತ್ತಿದ್ದುದೂ, ಕುವೆಂಪು–ಬೇಂದ್ರೆಯರಲ್ಲಿ ಮುಳುಗಿದ್ದ ನಾನು ಆಕಳಿಸುತ್ತಿದ್ದುದೂ ಈಗ ನೆನಪಾಗಿ ನಾಚಿಕೆಯೆನಿಸುತ್ತದೆ.

ಗುರುತಿಸುವ ಕೆಲಸಕ್ಕೆ ಕುಳಿತೆವು. ಯಂತ್ರದ ಬೆನ್ನಿನಲ್ಲಿ ಒಂದು ಸಾಲು ಕಿಂಡಿಗಳು. ಮೇಲೆ ಇಂಗ್ಲಿಷಿನಲ್ಲಿ ಹೆಸರು ಅಚ್ಚಾಗಿದ್ದರೂ ಧೂಳು ಮತ್ತು ಕಾಲ ಅರ್ಧವನ್ನು ತಿಂದಿದ್ದವು. ಚನ್ನಪಟ್ಟಣದ ಮರದ ಆಟಿಕೆಗಳಲ್ಲಿ ಮಕ್ಕಳಿಗಾಗಿ ಮಾಡುವ ಒಂದು ಬಗೆಯುಂಟು: ಹಲಗೆಯಲ್ಲಿ ದುಂಡು, ಚೌಕ, ಮುಕ್ಕೋನದ ರಂಧ್ರಗಳು, ಆಯಾ ಆಕಾರದ ಅರಗಿನ ಬಣ್ಣದ ತುಂಡು ಆಯಾ ರಂಧ್ರಕ್ಕೆ. ನಾನು ಇದನ್ನೂ ಹಾಗೆಯೇ ಎಂದುಕೊಂಡೆ. ಅರ್ಧ ಸತ್ಯ. ಆಕಾರ ಬೇರೆಯಾದರೆ ಕೆಲಸ ಬೇರೆ ಎನ್ನುವುದು ನಿಜ. ಆದರೆ ಆಕಾರ ಒಂದೇ ಆದರೆ ಕೆಲಸವೂ ಒಂದೇ ಎನ್ನುವಂತಿಲ್ಲ.

ದುಂಡನೆಯ ಕಿಂಡಿಗಳು ಮೂರು. ಹೊರಗಿನಿಂದ ಒಂದೇ ತಾಯಿಯ ಮಕ್ಕಳು. ಒಳಗಿನ ಸೂಜಿರಂಧ್ರಗಳನ್ನು ಎಣಿಸಿದರೆ ಒಂದಕ್ಕೆ ಆರು, ಒಂದಕ್ಕೆ ಐದು, ಒಂದಕ್ಕೆ ಏಳು. ಆರರದು ಬಣ್ಣದ ಪರದೆಗೆ; ಏಳರದು ಟೇಪ್ ರೆಕಾರ್ಡರಿಗೆ; ಐದರದು ಬೇರೆ ಯಂತ್ರಗಳೊಡನೆ ಸಾಲುಸಾಲಾಗಿ ಮಾತನಾಡುವುದಕ್ಕೆ. ಈ ಐದರದ್ದೊಂದು ವಿಚಿತ್ರ. ದಾಳದ ಐದರಂತೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ರಂಧ್ರ. ಆದ್ದರಿಂದ ಮೂತಿಯನ್ನು ತಲೆಕೆಳಗು ಮಾಡಿ ಚುಚ್ಚಿದರೂ ಒಳಹೋಗುತ್ತದೆ, ಆದರೆ ಹೇಳುವವನ ಬಾಯಿ ಕೇಳುವವನ ಕಿವಿಗೆ ಸೇರುವುದಿಲ್ಲ. ನಾಲ್ಕನೆಯ ದುಂಡು ಕಿಂಡಿಯ ಜಾಗ ಖಾಲಿಯಿತ್ತು. ಹಲವು ಯಂತ್ರಗಳನ್ನು ಒಂದೇ ಜಾಲಕ್ಕೆ ಹೆಣೆಯುವ ಸೌಕರ್ಯವನ್ನು ಇದಕ್ಕೆ ಹಾಕಿಸಿರಲಿಲ್ಲ. ಇವಲ್ಲದೆ ಹಳೆಯ ದೂರದರ್ಶನದ ಏರಿಯಲ್ಲಿಗೆ ಒಂದು ಕಿಂಡಿ, ತಿರುಗಿಸಿ ಬಿಗಿಯುವ ಮೂತಿಗೆ ಒಂದು, ಮತ್ತು ಎರಡು ಸಾಲಿನಲ್ಲಿ ಹದಿನೈದು ರಂಧ್ರಗಳಿದ್ದ ಅಗಲವಾದ ಒಂದು.

ಯಂತ್ರವನ್ನು ಮಗುಚಿದರೆ ಹೊಟ್ಟೆಯ ಕೆಳಗೆ ಇನ್ನೊಂದು ಸಾಲು. ಇವು ಚಪ್ಪಟೆ ತಂತಿಗಳಿಗೆ. ಸೂಜಿಗಳನ್ನು ಎಣಿಸಿ ನೋಟುಬುಕ್ಕಿನಲ್ಲಿ ಬರೆದುಕೊಂಡೆ: ೩೪, ೨೬, ೨೦, ೩೪, ೪೦. ಇಪ್ಪತ್ತಾರರದು ಮುದ್ರಣ ಯಂತ್ರಕ್ಕೆ. ಇಪ್ಪತ್ತರದು ಬಳಕೆದಾರ ತಾನೇ ಮಾಡಿಕೊಂಡ ಸಲಕರಣೆಗಳಿಗೆ. ನಲವತ್ತರದು ಇನ್ನೊಂದು ಸಂಸ್ಕಾರಕವನ್ನೇ ಜೋಡಿಸುವುದಕ್ಕೆ. ಮೂವತ್ತನಾಲ್ಕರವು ಎರಡು! ಒಂದು ಡಿಸ್ಕ್ ಓದುವ ಪೆಟ್ಟಿಗೆಗೆ, ಮತ್ತೊಂದು ಬೇರೆಯದೇ ಬಗೆಯ ವಿಸ್ತರಣೆಗಳಿಗೆ. ತಂತಿ ಎರಡಕ್ಕೂ ಸಲೀಸಾಗಿ ಕೂರುತ್ತದೆ, ಸರಿಯಾದದ್ದು ಒಂದೇ. ‘ಹರಿ’ ಎಂಬ ಶಬ್ದ ವಿಷ್ಣುವಿಗೂ ಕೋತಿಗೂ ಸಲ್ಲುವಂತೆ ಇದು. ಪ್ರಕರಣ ತಿಳಿಯದೆ ಅರ್ಥ ಹೇಳಿದರೆ ಕೆಲಸವಂತೂ ಆಗದು, ಕೇಡಾದರೂ ಆಶ್ಚರ್ಯವಿಲ್ಲ. ಹೊಟ್ಟೆಯ ಮೇಲಿನ ಅಚ್ಚಿನ ಹೆಸರನ್ನು ಟಾರ್ಚು ಹಾಕಿ ಓದಿ ಖಚಿತಪಡಿಸಿಕೊಂಡೆವು. ಚಪ್ಪಟೆ ತಂತಿಯ ಒಂದು ಅಂಚಿಗೆ ಕೆಂಪು ಗೆರೆ ಇರುತ್ತದೆ. ಅದು ಒಂದನೆಯ ಸೂಜಿಯ ಕಡೆಗಿರಬೇಕೆಂಬ ನಿಯಮವನ್ನೂ ಆಗ ಕಲಿತೆ. ಪ್ರತಿಯೊಂದು ತಂತಿಗೂ ಅತ್ತಿಗೆಯವರ ಹೊಲಿಗೆ ಪೆಟ್ಟಿಗೆಯಿಂದ ಬಟ್ಟೆಯ ಚೂರು ತಂದು ಹೆಸರು ಬರೆದು ಕಟ್ಟಿದೆ. ಅತ್ತಿಗೆ ಬಾಗಿಲಲ್ಲಿ ನಿಂತು, “ಎಂಟು ಮಕ್ಕಳಿಗೆ ನಾಮಕರಣ ಆದ ಹಾಗಾಯಿತು” ಎಂದರು.

ಇನ್ನು ಕರೆಂಟು. ಇಂಗ್ಲೆಂಡಿನ ಯಂತ್ರಕ್ಕೆ ನಮ್ಮ ವಿದ್ಯುತ್ತೇನೋ ಹೊಂದುತ್ತದೆ. ಪ್ಲಗ್ಗನ್ನು ಯಾರೋ ಹಿಂದೆಯೇ ಬದಲಾಯಿಸಿದ್ದರು. ಆದರೆ ಹುಡುಗ ಮುಚ್ಚಳ ತೆಗೆದು ವಿದ್ಯುತ್ ಭಾಗದೊಳಗೆ ಎರಡು ಚಿಕ್ಕ ಬಿಡಿಗಳನ್ನು ತೋರಿಸಿದ. ಪಾರದರ್ಶಕವಾದ ಹೊದಿಕೆಯೊಳಗೆ ಕಾಗದದ ಸುರುಳಿಯಿರುವ ಕೆಪಾಸಿಟರುಗಳು. ವರ್ಷಗಳು ಕಳೆದಂತೆ ಹೊದಿಕೆ ಬಿರುಕು ಬಿಟ್ಟು, ಕಾಗದ ತೇವ ಹೀರಿ, ಕರೆಂಟು ಹರಿದ ಸ್ವಲ್ಪ ಹೊತ್ತಿನಲ್ಲಿ ಸಿಡಿದು ಮನೆತುಂಬ ದುರ್ವಾಸನೆಯ ಹೊಗೆ ತುಂಬುವುದು ಈ ಯಂತ್ರಗಳ ಜಾತಿಧರ್ಮವಂತೆ. ಇಲ್ಲಿಯೂ ಕೂದಲೆಳೆಯಂತಹ ಬಿರುಕುಗಳು ಕಂಡವು. ಇದು ಬಲ್ಲವರು ಮಾಡಬೇಕಾದ ಕೆಲಸ, ಕನ್ನಡ ಮೇಷ್ಟರದಲ್ಲ. ಶನಿವಾರ ಅವನು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಹೊಸವನ್ನು ತಂದು, ಊರಿನ ರೇಡಿಯೋ ರಿಪೇರಿಯವರ ಕೈಯಲ್ಲಿ ಬದಲಾಯಿಸಿದ. ಟೇಪ್ ರೆಕಾರ್ಡರಿನ ರಬ್ಬರಿನ ಪಟ್ಟಿ ಕರಗಿ ಕಪ್ಪು ಬೆಲ್ಲದ ಪಾಕದಂತಾಗಿತ್ತು. ಅದಕ್ಕೂ ಅವರೇ ಹೊಸ ಪಟ್ಟಿ ಹಾಕಿ, ಓದುವ ತಲೆಯನ್ನು ಸ್ಪಿರಿಟ್ಟಿನಿಂದ ಒರೆಸಿಕೊಟ್ಟರು. ಯಂತ್ರದ ಕೆಳಗಿನ ರಬ್ಬರು ಪಾದಗಳು ಬಿದ್ದುಹೋಗಿ ಮೇಜಿನ ಮೇಲೆ ಕುಂಟುತ್ತಿತ್ತು. ಬೀದಿಯ ಕೊನೆಯಲ್ಲಿ ಬೊಂಬೆ ಕಡೆಯುವ ಹಿರಿಯರೊಬ್ಬರು ಹಾಲೆ ಮರದ ನಾಲ್ಕು ಬಿಲ್ಲೆಗಳನ್ನು ಲೇತಿಗೆ ಹಿಡಿದು, ಹಳದಿ ಅರಗು ಹಚ್ಚಿ, ಕಾಸು ಬೇಡವೆಂದು ಕೊಟ್ಟುಬಿಟ್ಟರು. “ಮೇಷ್ಟರು ನಮ್ಮ ಹುಡುಗನಿಗೆ ಲೆಕ್ಕ ಹೇಳಿಕೊಟ್ಟವರು” ಎಂದರು.

ಶನಿವಾರ ಸಂಜೆ ಗುಂಡಿ ಒತ್ತಿದೆವು. ಒಂದು ದಪ್ಪ ದನಿ, ಅದರ ಹಿಂದೆಯೇ ಒಂದು ಕೀಚಲು ದನಿ. ಮನೆಯ ಹಳೆಯ ಟಿವಿಯ ಹಳದಿ ಕಿಂಡಿಗೆ, ತಿರುಗಿಸುವ ಮೂತಿಯಿಂದ ತಂತಿ ಎಳೆದಿದ್ದೆವು. ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರದಲ್ಲಿ ಯಂತ್ರ ತನ್ನ ಹೆಸರನ್ನೂ ‘೩೨ಕೆ’ ಎಂಬ ತನ್ನ ಆಸ್ತಿಯನ್ನೂ ಹೇಳಿಕೊಂಡು, ಬಾಣದ ತುದಿಯಂತಹ ಒಂದು ಗುರುತನ್ನು ಮೂಡಿಸಿ, ಅಪ್ಪಣೆಗಾಗಿ ಕಾಯತೊಡಗಿತು. ಅಡಿಗೆಮನೆಯಿಂದ ಅತ್ತಿಗೆ ಓಡಿಬಂದರು. “ಆ ದನಿ…” ಎಂದು ಅಷ್ಟಕ್ಕೇ ನಿಲ್ಲಿಸಿದರು. ಮೂವತ್ತು ವರ್ಷದ ಹಿಂದೆ ರಾತ್ರಿ ಊಟವಾದ ಮೇಲೆ ದಿನವೂ ಕೇಳುತ್ತಿದ್ದ ದನಿಯಂತೆ ಅದು.

ಎಲ್ಲ ಅಂಗಾಂಗಗಳೂ ಹೀಗೆ ಕೈಗೂಡಲಿಲ್ಲ. ಡಿಸ್ಕ್ ಪೆಟ್ಟಿಗೆಯನ್ನು ಸರಿಯಾದ ಕಿಂಡಿಗೇ ಸೇರಿಸಿದರೂ ಯಂತ್ರ ಅದನ್ನು ಗುರುತಿಸಲಿಲ್ಲ. ಮುಚ್ಚಳ ತೆಗೆದು ನೋಡಿದಾಗ ಕಾರಣ ತಿಳಿಯಿತು: ಡಿಸ್ಕನ್ನು ನಿಯಂತ್ರಿಸುವ ಬಿಡಿಯ ಜಾಗವೇ ಖಾಲಿ. ಕಿಂಡಿ ಇದ್ದ ಮಾತ್ರಕ್ಕೆ ಒಳಗೆ ಕಿವಿ ಇದೆಯೆಂದಲ್ಲ. ಹರಾಜಿನ ಗಡಿಬಿಡಿಯಲ್ಲಿ ಬೇರಾವುದೋ ಯಂತ್ರದ ಜೊತೆಗಾರ ಇದರ ಪಾಲಿಗೆ ಬಂದಿತ್ತೆಂದು ಕಾಣುತ್ತದೆ. ಅಣ್ಣ ಏಕೆ ಕ್ಯಾಸೆಟ್ಟನ್ನೇ ನಂಬಿದ್ದನೆಂಬುದೂ ತಿಳಿಯಿತು. ಮುದ್ರಣ ಯಂತ್ರ ಮಾತು ಕೇಳಿ ಗರಗರನೆ ಅಚ್ಚು ಹಾಕಿತು; ಆದರೆ ರಿಬ್ಬನ್ನಿನ ಮಸಿ ಒಣಗಿಹೋಗಿ ಕಾಗದದ ಮೇಲೆ ಬಣ್ಣವಿಲ್ಲದ ಚುಕ್ಕೆಗಳು ಮಾತ್ರ ಕುಳಿಬಿದ್ದಿದ್ದವು. ದೀಪಕ್ಕೆ ಓರೆಯಾಗಿ ಹಿಡಿದರೆ ಓದಬಹುದಾಗಿತ್ತು. ಕಂಠದಿಂದ ಕೊರೆದು ಇನ್ನೂ ಮಸಿ ಉಜ್ಜದ ಓಲೆಗರಿಯಂತೆ.

ಭಾನುವಾರ ಬೆಳಗ್ಗೆ ಉಳಿದದ್ದು ಎರಡು: ಕ್ಯಾಸೆಟ್ಟು ಮತ್ತು ಅನಾಮಧೇಯವಾದ ಆ ಡಬ್ಬಿ.

ಡಬ್ಬಿಯ ಒಂದು ತುದಿಯಲ್ಲಿ ಹದಿನೈದು ಸೂಜಿಗಳ ಮೂತಿ; ಆದ್ದರಿಂದ ಅದು ಬೆನ್ನಿನ ಆ ಅಗಲವಾದ ಕಿಂಡಿಗೆ ಸೇರಿದ್ದು ಎನ್ನುವಷ್ಟು ನಾನೂ ಕಲಿತಿದ್ದೆ. ಆದರೆ ಅಲ್ಲಿಗೆ ಸೇರಿಸಲು ಏನೇನೋ ಇರಬಹುದು. ಆಟವಾಡುವ ಹಿಡಿಕೆಯೂ ಅಲ್ಲಿಗೇ. ಆ ಕಿಂಡಿಯ ವಿಶೇಷವೇನೆಂದರೆ, ಉಳಿದ ಕಿಂಡಿಗಳು ‘ಹೌದು’, ‘ಅಲ್ಲ’ ಎಂಬ ಎರಡೇ ಮಾತನ್ನು ತಿಳಿದರೆ ಇದು ‘ಇಷ್ಟು’ ಎಂಬುದನ್ನೂ ಅರಿಯಬಲ್ಲದು. ವಿದ್ಯುತ್ತಿನ ಏರಿಳಿತವನ್ನು ಅಳೆದು ಅಂಕಿಯಾಗಿ ಹೇಳುವ ಏರ್ಪಾಡು ಅದರ ಹಿಂದೆ ಇದೆ. ಹುಡುಗ ಡಬ್ಬಿಯನ್ನು ಯಂತ್ರಕ್ಕೆ ಸೇರಿಸುವ ಮೊದಲು ಮೀಟರು ತಂದು ಮಣಿಯ ಎರಡು ತಂತಿಗಳ ರೋಧವನ್ನು ಅಳೆದ. ಮುಳ್ಳು ಒಂದು ಕಡೆ ನಿಂತಿತು. ಮಣಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದ. ರೋಧ ನಿಧಾನವಾಗಿ ಇಳಿಯತೊಡಗಿತು. ಕೈ ಬಿಟ್ಟರೆ ಮತ್ತೆ ಏರಿತು. “ಥರ್ಮಿಸ್ಟರು, ಚಿಕ್ಕಪ್ಪ. ಬಿಸಿಯಾದರೆ ಇದರ ರೋಧ ಕಡಿಮೆಯಾಗುತ್ತದೆ. ಇದು ಉಷ್ಣತೆ ಅಳೆಯುವುದಕ್ಕೆ” ಎಂದ.

ಅತ್ತಿಗೆ ಅಲ್ಲಿಯವರೆಗೆ ಸುಮ್ಮನೆ ನೋಡುತ್ತಿದ್ದರು. ಈಗ ಹತ್ತಿರ ಬಂದು ಮಣಿಯನ್ನು ಬೆರಳಲ್ಲಿ ಹಿಡಿದು, “ಇದನ್ನು ಅವರು ಹುಳುಮನೆಯಲ್ಲಿ ತೂಗುಹಾಕುತ್ತಿದ್ದರು” ಎಂದರು.

ನಮ್ಮ ಹುಟ್ಟೂರು ಕನಕಪುರ ತಾಲ್ಲೂಕಿನ ಒಂದು ಹಳ್ಳಿ. ಅವ್ವ ಅಲ್ಲಿ ಕೊನೆಯವರೆಗೂ ರೇಷ್ಮೆ ಹುಳು ಸಾಕಿದಳು. ರಾಮನಗರದ ಗೂಡಿನ ಮಾರುಕಟ್ಟೆಗೆ ನಮ್ಮ ಮನೆಯ ಗೂಡೂ ಹೋಗುತ್ತಿತ್ತು. ನಮ್ಮಿಬ್ಬರ ವಿದ್ಯಾಭ್ಯಾಸ ನಡೆದದ್ದು ಆ ಹಣದಿಂದ. ಹುಳು ಸಾಕಿದವರಿಗೆ ಗೊತ್ತು, ಅದು ಹಸುಗೂಸಿನಷ್ಟೇ ಸೂಕ್ಷ್ಮ. ಚಾಕಿಯ ಎಳೆ ಹುಳುವಿಗೆ ೨೬ರಿಂದ ೨೮ ಡಿಗ್ರಿ ಶಾಖ ಬೇಕು. ಜ್ವರಗಳನ್ನು ಕಳೆದು ದೊಡ್ಡದಾದ ಮೇಲೆ ೨೩ರಿಂದ ೨೫ ಸಾಕು. ನಾಲ್ಕು ಜ್ವರ ದಾಟಿ ಹಣ್ಣಾಗಿ ಚಂದ್ರಿಕೆಗೆ ಏರುವವರೆಗೆ ಶಾಖ ಹೆಚ್ಚಿದರೂ ತಪ್ಪು, ತಗ್ಗಿದರೂ ತಪ್ಪು. ಚಳಿಯಾದರೆ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದರು. ಬೇಸಿಗೆಯಲ್ಲಿ ಕಿಟಕಿ ಬಾಗಿಲಿಗೆ ನೆನೆಸಿದ ಗೋಣಿ ಕಟ್ಟುತ್ತಿದ್ದರು. ೧೯೯೩ರ ಬೇಸಿಗೆಯಲ್ಲಿ ನಮ್ಮ ಮನೆಯ ಒಂದು ಬೆಳೆ ಪೂರ್ತಿ ಹೋಯಿತು. ಗೋಡೆಯ ಮೇಲೆ ಉಷ್ಣಮಾಪಕ ಇದ್ದರೂ ಅದರ ಸಣ್ಣ ಗೆರೆಗಳು ಅವ್ವನ ಕಣ್ಣಿಗೆ ಕಾಣುತ್ತಿರಲಿಲ್ಲ. ಅಂಕಿಗಳೂ ಅವಳಿಗೆ ಅಷ್ಟಾಗಿ ತಿಳಿಯದು. ಅರವತ್ತು ದಾಟಿದ ಮೇಲೆ ಸಾಕ್ಷರತಾ ತರಗತಿಗೆ ಹೋಗಿ ದಪ್ಪ ಅಕ್ಷರವನ್ನು ಕೂಡಿಸಿ ಓದುವಷ್ಟು ಕಲಿತಿದ್ದಳು, ಅಷ್ಟೆ.

ಇಷ್ಟು ಹೇಳಿದ ಮೇಲೆ, ಓದುಗರೇ, ಆ ಹತ್ತು ಅಕ್ಷರಗಳ ಒಗಟನ್ನು ನೀವಾಗಲೇ ಬಿಡಿಸಿರುತ್ತೀರಿ. ನನಗೆ ಮಾತ್ರ, ಮೂವತ್ತು ವರ್ಷ ಒಗಟು ಬಿಡಿಸುವುದನ್ನೇ ಪಾಠ ಮಾಡಿದವನಿಗೆ, ಹೊಳೆದಿರಲಿಲ್ಲ.

ಡಬ್ಬಿಯನ್ನು ಕಿಂಡಿಗೆ ಸೇರಿಸಿ ಕ್ಯಾಸೆಟ್ಟಿಗೆ ಕೈಹಾಕಿದೆವು. ಏಳು ಸೂಜಿಯ ತಂತಿ ಇನ್ನೊಂದು ತುದಿಯಲ್ಲಿ ಮೂರಾಗಿ ಕವಲೊಡೆಯುತ್ತದೆ: ಒಂದು ರೆಕಾರ್ಡರಿನ ಕಿವಿಗೆ, ಒಂದು ಬಾಯಿಗೆ, ಉಳಿದೆರಡಕ್ಕಿಂತ ಸಣ್ಣದಾದ ಮೂರನೆಯದು ಅದರ ಮೋಟಾರನ್ನು ನಡೆಸಿ ನಿಲ್ಲಿಸುವುದಕ್ಕೆ. ಕ್ಯಾಸೆಟ್ಟಿನಲ್ಲಿರುವುದು ಬರಿಯ ಶಬ್ದ. ಒಂದು ಸ್ಥಾಯಿಯ ದನಿ ಸೊನ್ನೆಗೆ, ಅದಕ್ಕೆ ಇಮ್ಮಡಿಯ ಸ್ಥಾಯಿಯ ದನಿ ಒಂದಕ್ಕೆ. ಸೆಕೆಂಡಿಗೆ ಇಂತಹ ಸಾವಿರದ ಇನ್ನೂರು ಉಚ್ಚಾರಣೆ. ಯಂತ್ರ ಅದನ್ನು ೨೫೬ ಅಕ್ಷರಗಳ ಕಂತುಗಳಾಗಿ ಕೇಳಿಸಿಕೊಂಡು, ಕಂತಿನ ಕೊನೆಯಲ್ಲಿ ಲೆಕ್ಕ ತಾಳೆ ನೋಡಿ, ಸರಿಯಿದ್ದರೆ ಮುಂದುವರಿಯುತ್ತದೆ. ತಪ್ಪಿದ್ದರೆ ಅನುಮಾನ ವ್ಯಕ್ತಪಡಿಸಿ ‘ಟೇಪು ಹಿಂದಕ್ಕೆ ಸುತ್ತಿ’ ಎನ್ನುತ್ತದೆ. ಇಷ್ಟು ಶಿಸ್ತಿನ ವಿದ್ಯಾರ್ಥಿ ನನ್ನ ತರಗತಿಯಲ್ಲಿ ಒಬ್ಬನೂ ಇರಲಿಲ್ಲ.

ಮೊದಲ ಸಲ ಏನೂ ಕೇಳಿಸಲಿಲ್ಲ. ದನಿ ಏರಿಸಿದೆವು. ಎರಡನೆಯ ಸಲ ಎರಡು ಕಂತು ಬಂದು ಮೂರನೆಯದರಲ್ಲಿ ತಪ್ಪಿತು. ಸುತ್ತಿದೆವು. ಮತ್ತೆ ಅಲ್ಲೇ. ಐದಾರು ಸಲ ಹೀಗಾಯಿತು. ಟೇಪು ಸವೆದಿದ್ದರೆ ಅಲ್ಲಿಗೆ ಮುಗಿಯಿತು. ಅದರ ಇನ್ನೊಂದು ಪ್ರತಿ ಲೋಕದಲ್ಲಿಲ್ಲ. ಏಕಪ್ರತಿಯ ಗ್ರಂಥವನ್ನು ಹಿಡಿದ ಸಂಪಾದಕನ ಎದೆಬಡಿತ ನನ್ನದಾಗಿತ್ತು. ಹುಡುಗ ಯೋಚಿಸಿ, “ಹೊಸದಾಗಿ ಓದುವ ತಲೆ ಕೂತಿರುವ ಓರೆಗೂ, ಅಪ್ಪ ಬರೆದಾಗ ಇದ್ದ ಓರೆಗೂ ವ್ಯತ್ಯಾಸ ಇರಬಹುದು” ಎಂದು, ಟೇಪು ಓಡುತ್ತಿರುವಂತೆಯೇ ತಲೆಯ ಪಕ್ಕದ ಪುಟ್ಟ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕಿವಿಗೊಟ್ಟ. ಮಂಕಾಗಿದ್ದ ದನಿ ಒಂದು ಹಂತದಲ್ಲಿ ಥಟ್ಟನೆ ತಿಳಿಯಾಯಿತು. ಮತ್ತೆ ಸುತ್ತಿದೆವು. ಮೂರು, ನಾಲ್ಕು, ಐದು… ಕಂತುಗಳ ಅಂಕಿ ಏರುತ್ತಲೇ ಹೋಯಿತು. ರೆಕಾರ್ಡರಿನ ಮೋಟಾರು ತಾನಾಗಿಯೇ ಕ್ಲಿಕ್ಕೆಂದು ನಿಂತಿತು.

ಪರದೆ ಅಳಿಸಿಹೋಗಿ, ಮಧ್ಯದಲ್ಲಿ ದೊಡ್ಡದಾಗಿ ೨೫ ಎಂಬ ಅಂಕಿ ಮೂಡಿತು. ಬೇರೇನೂ ಇಲ್ಲ. ಅತ್ತಿಗೆಯ ಮನೆಯ ನಡುಮನೆಯಲ್ಲಿ ಆ ಹೊತ್ತಿನ ಶಾಖ ೨೫ ಡಿಗ್ರಿ. ಯಂತ್ರಕ್ಕೆ ಹೇಳುವಂಥದೇನೂ ಇರಲಿಲ್ಲ, ಸುಮ್ಮನಿತ್ತು.

ಅತ್ತಿಗೆ ಏನೆಂದುಕೊಂಡರೋ, ಮಗ ಮಾಡಿದ್ದಂತೆಯೇ ಮಣಿಯನ್ನು ಎತ್ತಿ ಎರಡೂ ಅಂಗೈಗಳ ನಡುವೆ ಮುಚ್ಚಿ ಹಿಡಿದುಕೊಂಡರು. ಅಂಕಿ ೨೬ ಆಯಿತು. ೨೭. ೨೮. ನಾವು ಮೂವರೂ ಉಸಿರು ಹಿಡಿದು ನೋಡುತ್ತಿದ್ದೆವು. ೨೯ ಆದೊಡನೆ ಯಂತ್ರ ಎರಡು ಸಲ ಕೂಗಿ, ಅಂಕಿಯ ಕೆಳಗೆ, ಚುಕ್ಕೆ ಚುಕ್ಕೆಯಾದ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಯಿತು:

ಅವ್ವ ಗೋಣಿ ನೆನೆಸು

ಅತ್ತಿಗೆ ಅದನ್ನು ಒಂದೊಂದೇ ಅಕ್ಷರವಾಗಿ ಗಟ್ಟಿಯಾಗಿ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಮಣಿಯನ್ನು ಮೇಜಿನ ಮೇಲಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು. “ಆ ಬೇಸಿಗೆ ರಜೆಯಲ್ಲಿ ಇದನ್ನು ಹೊತ್ತುಕೊಂಡು ಹಳ್ಳಿಗೆ ಹೋದಾಗ, ಅಲ್ಲಿಯೂ ಆಟಕ್ಕೇ ಅಂದುಕೊಂಡೆ. ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ” ಎಂದರು. ಹೇಳುವ ಸ್ವಭಾವ ಅಣ್ಣನದಲ್ಲ. ಕೇಳುವ ವ್ಯವಧಾನ ನನಗೂ ಇರಲಿಲ್ಲ. ಅಕ್ಷರವೇ ನನ್ನ ವೃತ್ತಿ ಎಂದು ಬೀಗುತ್ತಿದ್ದ ನಾನು ಅವ್ವನಿಗಾಗಿ ಒಂದು ಅಕ್ಷರವನ್ನೂ ಬರೆದವನಲ್ಲ. ಗಣಿತದ ಮೇಷ್ಟರು ರಾತ್ರಿ ಕುಳಿತು ಎಂಟೆಂಟು ಮನೆಗಳ ಚೌಕದಲ್ಲಿ, ಅವಳಿಗೆ ಬೇಕಾದ ಹತ್ತೇ ಅಕ್ಷರಗಳನ್ನು ಕಡೆದಿದ್ದ. ಉಳಿದ ಅಕ್ಷರಗಳಿಂದ ‘ಅವ್ವ ಕೆಂಡ ಇಡು’ ಎಂಬ ಎರಡನೆಯ ವಾಕ್ಯವಾಗುತ್ತದೆಂದು ಈಗ ಯಾರಿಗೂ ಹೇಳಬೇಕಾಗಿಲ್ಲ. ಹುಡುಗ ಅಡಿಗೆಮನೆಯಿಂದ ಐಸು ತಂದು ಅದನ್ನೂ ಬರಿಸಿ ನೋಡಿದ.

ಯಂತ್ರ ಅವ್ವನಿಗೆ ಎಷ್ಟು ಬೆಳೆ ಉಳಿಸಿಕೊಟ್ಟಿತೆಂದು ಈಗ ಹೇಳಬಲ್ಲವರು ಯಾರೂ ಉಳಿದಿಲ್ಲ. ಹಳ್ಳಿಯ ಕರೆಂಟಿನ ಕಣ್ಣುಮುಚ್ಚಾಲೆಯಲ್ಲಿ ಅದು ದಿನಕ್ಕೆ ಎಷ್ಟು ಸಲ ಎಲ್ಲವನ್ನೂ ಮರೆತು, ಎಷ್ಟು ಸಲ ಕ್ಯಾಸೆಟ್ಟಿನಿಂದ ಮತ್ತೆ ಪಾಠ ಕಲಿಯಬೇಕಾಯಿತೋ! ೧೯೯೭ರಲ್ಲಿ ಅವ್ವ ತೀರಿಕೊಂಡಳು. ಹುಳುಮನೆ ನಿಂತಿತು. ಅಣ್ಣ ಟ್ರಂಕು ಮುಚ್ಚಿ ಅಟ್ಟಕ್ಕೆ ಏರಿಸಿದ.

ಸೋಮವಾರ ಗುಜರಿಯವನು ಬಂದ. ಅತ್ತಿಗೆ ಅವನಿಗೆ ಹಳೆಯ ಪತ್ರಿಕೆಗಳನ್ನೂ ಆ ಕಿವುಡು ಡಿಸ್ಕ್ ಪೆಟ್ಟಿಗೆಯನ್ನೂ ಹಾಕಿ ಕಳಿಸುವವರಿದ್ದರು. ಪೆಟ್ಟಿಗೆಯನ್ನು ಹುಡುಗ ತಡೆದ. ಬೇರೆ ಯಾರ ಮನೆಯಲ್ಲೋ ಅದರ ಜೋಡಿ ಕಾಯುತ್ತಿರಬಹುದು ಎಂಬುದು ಅವನ ವಾದ. ಕ್ಯಾಸೆಟ್ಟಿನ ಶಬ್ದವನ್ನು ಅವನು ಆಗಲೇ ತನ್ನ ಕಂಪ್ಯೂಟರಿಗೆ ಇಳಿಸಿಕೊಂಡು ಮೂರು ಕಡೆ ಪ್ರತಿ ಇಟ್ಟಿದ್ದ. ಏಕಪ್ರತಿಯ ಭಯ ಹೀಗೆ ತೀರಿತು.

ನಮ್ಮ ನಾಡಿನ ಅಟ್ಟಗಳ ಮೇಲೆ, ಶಾಲೆಗಳ ಬೀಗ ಹಾಕಿದ ಬೀರುಗಳಲ್ಲಿ, ಇಂತಹ ಟ್ರಂಕುಗಳು ಇನ್ನೂ ಇದ್ದಾವು. ಅವುಗಳನ್ನು ತೆರೆಯುವವರಿಗೆ ಕಲಿತ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಮೊದಲು ಕರೆಂಟು ಕೊಡಬೇಡಿ. ಸೂಜಿಗಳನ್ನು ಎಣಿಸಿ, ಹೆಸರನ್ನು ಓದಿ, ಪ್ರತಿ ತಂತಿಗೂ ಚೀಟಿ ಕಟ್ಟಿ. ಹೊಂದುತ್ತದೆ ಎಂಬ ಕಾರಣಕ್ಕೇ ಚುಚ್ಚಬೇಡಿ. ಹೆಸರಿಲ್ಲದ ಡಬ್ಬಿಯನ್ನು ಮಾತ್ರ ಎಲ್ಲಕ್ಕಿಂತ ಕೊನೆಯಲ್ಲಿ ಎಸೆಯಿರಿ; ಕಾರ್ಖಾನೆಯಲ್ಲಿ ಮಾಡಿದ್ದಕ್ಕೆ ಎಲ್ಲಿಯಾದರೂ ಜೋಡಿ ಸಿಕ್ಕೀತು, ಮನೆಯಲ್ಲಿ ಮಾಡಿದ್ದಕ್ಕೆ ಸಿಕ್ಕದು.

ಯಂತ್ರ ಈಗ ಚನ್ನಪಟ್ಟಣದ ನಡುಮನೆಯಲ್ಲಿ, ಹಳದಿ ಅರಗಿನ ನಾಲ್ಕು ಪಾದಗಳ ಮೇಲೆ, ಹೊಲಿಗೆ ಯಂತ್ರದ ಪಕ್ಕದಲ್ಲಿ ಕುಳಿತಿದೆ. ಅದಕ್ಕೆ ಹೂವಿನ ಅಂಚಿನ ಒಂದು ಹೊದಿಕೆ. ಅತ್ತಿಗೆ ಹೊಲಿದದ್ದು.